ಸ್ಟ್ರೆಪ್ಪು ಎಂಬ ಯಾತ್ರಿಕ

ಕಾಶಿಯ ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಸುಮ್ಮನೆ ಕೂತರೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ಏನೂ ನಡೆಯದ ದಿನ ನಾನೇ ನಡೆಸುತ್ತೇನೆ. ನಮ್ಮ ಯಜಮಾನರು ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಗಂಗೆಯ ದಡದಲ್ಲಿ ಶ್ರಾದ್ಧ, ಪಿಂಡ, ಪೂಜೆ ಎಲ್ಲ ಮಾಡಿಸುತ್ತಾರೆ. ಆ ಯಾತ್ರಿಕರಿಗೆ ಅನ್ನ ಸಾರು ಮಾಡಿ ಹಾಕುವವಳು ನಾನು. ನಾನು ಸುಳ್ಳು ಹೇಳುವವಳಲ್ಲ. ಇದ್ದದ್ದಕ್ಕೆ ಸ್ವಲ್ಪ ಒಗ್ಗರಣೆ ಹಾಕುತ್ತೇನೆ, ಅಷ್ಟೆ. ಒಗ್ಗರಣೆ ಇಲ್ಲದ್ದನ್ನು ಬಡಿಸಿ ನನಗೆ ಅಭ್ಯಾಸವಿಲ್ಲ.

ಈಗ ಹೇಳುವುದು ಮಗಳ ಚೊಚ್ಚಲ ಹೆರಿಗೆಯ ಕಾಲದ್ದು. ಎರಡು ಸಾವಿರದ ಐದೋ ಆರೋ ಇರಬೇಕು. ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಮೈಸೂರಿಗೆ ಕೊಟ್ಟಿದ್ದೆವು. ಚೊಚ್ಚಲು ತವರಿನಲ್ಲೇ ಆಗಬೇಕೆಂದು ಏಳನೇ ತಿಂಗಳಿಗೆ ಕರೆದುಕೊಂಡು ಬಂದೆ. ರೈಲಿನಲ್ಲಿ ಎದುರು ಕೂತಿದ್ದ ಯಾತ್ರಿಕರೊಬ್ಬರು, "ಕಾಶಿಗೆ ಯಾರ ಅಸ್ಥಿ ತಗೊಂಡು ಹೋಗ್ತಿದ್ದೀರಮ್ಮಾ?" ಅಂತ ಕೇಳಿದರು. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು, "ಅಸ್ಥಿ, ಮಾಂಸ, ರಕ್ತ ಎಲ್ಲಾ ಸೇರಿಸಿ ತಗೊಂಡು ಹೋಗ್ತಿದ್ದೀನಿ," ಅಂದಳು. ನನ್ನ ಮಗಳೇ, ಸಂಶಯವಿಲ್ಲ.

೧. ಗೋತ್ರ ವಿಚಾರ

ನಾವು ತೋರಿಸುತ್ತಿದ್ದದ್ದು ಕಂಟೋನ್ಮೆಂಟ್ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿಯ ಡಾಕ್ಟರಮ್ಮ ದೊಡ್ಡ ಊರಿನಲ್ಲಿ ಓದಿ ಬಂದವರು. ಆಗ ನಮ್ಮ ಕಡೆ ಯಾರೂ ಮಾಡದಿದ್ದ ಒಂದು ಪರೀಕ್ಷೆಯನ್ನು ಹೆರಿಗೆಗೆ ಒಂದು ತಿಂಗಳಿದೆ ಅನ್ನುವಾಗ ಮಾಡಿದರು. ಹತ್ತಿ ಸುತ್ತಿದ ಕಡ್ಡಿಯೊಂದನ್ನು ಕೆಳಗೆ ಎರಡು ಕಡೆ ಮುಟ್ಟಿಸಿ, ಕೊಳವೆಯಲ್ಲಿ ಹಾಕಿ ಕಳಿಸಿದರು. ಮೂರು ದಿನದ ಮೇಲೆ ಕರೆದು ಕೂರಿಸಿ, "ಗ್ರೂಪ್ ಬಿ ಸ್ಟ್ರೆಪ್ ಅನ್ನೋ ಕ್ರಿಮಿ ಇದೆ," ಅಂದರು.

ಮಗಳು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. "ನನಗೇನೂ ಆಗ್ತಿಲ್ವಲ್ಲ ಮೇಡಂ? ಜ್ವರ ಇಲ್ಲ, ನೋವಿಲ್ಲ."

"ನಿಮಗೇನೂ ಆಗಲ್ಲ. ಎಷ್ಟೋ ಹೆಂಗಸರ ಮೈಯಲ್ಲಿ ಅದು ತನ್ನ ಪಾಡಿಗೆ ಇರುತ್ತೆ. ಅದು ಕಾಯಿಲೆ ಅಲ್ಲ, ಕೊಳಕಲ್ಲ, ಯಾರ ತಪ್ಪೂ ಅಲ್ಲ. ಆದರೆ ಮಗು ಹೊರಗೆ ಬರೋ ದಾರೀಲಿ ಅಂಟಿಕೊಂಡರೆ, ಅಪರೂಪಕ್ಕೆ ಒಂದೊಂದು ಮಗುವಿಗೆ ಬಹಳ ಕಷ್ಟ ಆಗುತ್ತೆ. ಉಸಿರಾಟಕ್ಕೆ ತೊಂದರೆ, ರಕ್ತಕ್ಕೇ ಸೋಂಕು. ಅದು ಆಗದ ಹಾಗೆ ನೋಡ್ಕೋಬೇಕು."

ಮಗಳಿಗೆ ಹೆದರಿಕೆ. ನನಗೋ ಹೆದರಿಕೆಯ ಜೊತೆಗೇ ಕುತೂಹಲ. ಹೆದರಿದಾಗ ನನ್ನ ಬಾಯಿ ನಿಲ್ಲುವುದಿಲ್ಲ, ಅದು ಹುಟ್ಟು ಗುಣ. ಎಲ್ಲಿಂದ ಬಂತು ಅಂತ ಕೇಳಿದೆ.

"ಹೇಳೋಕಾಗಲ್ಲ ಮಾತಾಜಿ. ಬರುತ್ತೆ, ಸ್ವಲ್ಪ ದಿನ ಇರುತ್ತೆ, ಹೋಗುತ್ತೆ."

"ನಮ್ಮ ಯಾತ್ರಿಕರ ಹಾಗೆ."

"ಹೂಂ, ಹಾಗೇ ಅಂದ್ಕೊಳ್ಳಿ."

"ಏನು ತಿನ್ನುತ್ತೆ? ಮಲಗುತ್ತಾ? ಗಂಡು ಹೆಣ್ಣು ಅಂತ ಇದೆಯಾ? ಈಗಲೇ ಮಾತ್ರೆ ಕೊಟ್ಟು ಖಾಲಿ ಮಾಡಿಸಿಬಿಡಿ."

"ಈಗ ಓಡಿಸಿದರೆ ಹೆರಿಗೆ ಹೊತ್ತಿಗೆ ತಿರುಗಿ ಬಂದಿರುತ್ತೆ."

"ಓಹೋ, ಯಾತ್ರಿಕರಲ್ಲ. ನಮ್ಮ ಗಲ್ಲಿಯ ಕೋತಿಗಳು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೋತಿ ವಿಷಯ ಬಿಡಿ, ಇದನ್ನ ಕೇಳಿಸ್ಕೊಳ್ಳಿ. ನೋವು ಶುರುವಾದರೆ ಅಥವಾ ನೀರು ಒಡೆದರೆ ಆ ಕ್ಷಣ ಹೊರಡಿ. ಬಂದ ತಕ್ಷಣ ಈ ಚೀಟಿ ತೋರಿಸಿ. ಕೈಗೆ ಸೂಜಿ ಹಾಕಿ ಔಷಧ ಬಿಡ್ತೀವಿ. ನಾಲ್ಕು ಗಂಟೆಗೊಂದು ಸಲ, ಮಗು ಹುಟ್ಟೋವರೆಗೂ. ಮೊದಲನೇ ಔಷಧ ಹೋಗಿ ನಾಲ್ಕು ಗಂಟೆಯಾದರೂ ಆದ ಮೇಲೆ ಮಗು ಬಂದರೆ ನನಗೆ ನಿಶ್ಚಿಂತೆ. ನಾಲ್ಕು ಗಂಟೆ. ನೆನಪಿರಲಿ."

ಏಳುವಾಗ ನಾನು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದೆ. ಡಾಕ್ಟರಮ್ಮ ಕೈ ಮುಗಿದರು. "ಮಾತಾಜಿ, ನೀವು ಆ ಕ್ರಿಮಿಯ ಗೋತ್ರ ಒಂದು ಕೇಳಿಲ್ಲ, ಮಿಕ್ಕಿದ್ದೆಲ್ಲಾ ಕೇಳಿದ್ದೀರಿ."

"ಗೋತ್ರ ಕೇಳೋದು ನಮ್ಮ ಯಜಮಾನರ ಕೆಲಸ ಮೇಡಂ."

ನಾನು ತಮಾಷೆಗೆ ಅಂದದ್ದು. ಸಾಯಂಕಾಲ ಯಜಮಾನರು ಎಲ್ಲ ಕೇಳಿಸಿಕೊಂಡು, ಕಣ್ಣು ಮುಚ್ಚಿ ಯೋಚಿಸಿ, "ಗ್ರೂಪ್ ಬಿ ಅಂದರಾ? ಹಾಗಾದ್ರೆ ಎ ಅಂತಲೂ ಒಂದಿರಬೇಕಲ್ಲ?" ಅಂದರು.

"ಇದೆಯಂತೆ. ಅದು ಗಂಟಲು ನೋವಿಗೆ ಬರೋದಂತೆ."

"ಹಾಂ," ಅಂತ ತಲೆಯಾಡಿಸಿದರು. "ವಂಶ ಒಂದೇ. ಗೋತ್ರ ಬೇರೆ."

೨. ಅಜ್ಜಿ ಹೊಳೆ ದಾಟಿದ್ದು

ನಮ್ಮ ಮನೆಯ ಮೂಲೆಯ ಕೋಣೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಹಾಸನದ ಕಡೆಯ ಹಳ್ಳಿಯವರು. ಕಾಶಿಯಲ್ಲಿ ಪ್ರಾಣ ಬಿಟ್ಟರೆ ಮೋಕ್ಷವೆಂದು ಬಂದು ಹದಿನಾಲ್ಕು ವರ್ಷವಾಗಿತ್ತು. ಬಂದ ಕೆಲಸವೊಂದನ್ನು ಬಿಟ್ಟು ಊರಿನ ಎಲ್ಲ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ನನಗಾಗ ನಲವತ್ತೆಂಟು. ಅಜ್ಜಿ ಮಾತ್ರ ನನ್ನನ್ನು "ಏ ಹುಡುಗಿ" ಅಂತಲೇ ಕರೆಯುತ್ತಿದ್ದರು.

ಸ್ಟ್ರೆಪ್ಪಿನ ವಿಷಯ ಅಜ್ಜಿಗೆ ಹೇಳಬಾರದು ಅಂತ ತೀರ್ಮಾನ ಮಾಡಿದೆವು. ತೀರ್ಮಾನ ಮಾಡಿದ್ದು ಅಜ್ಜಿಯ ಬಾಗಿಲ ಮುಂದೆ ನಿಂತು. ಬಾಗಿಲು ತೆರೆಯಿತು.

"ಯಾರ ಮೈಯಲ್ಲಿ ಏನು ಹುಳ?"

ವಿಚಾರಣೆ ಶುರುವಾಯಿತು. "ಮೈಸೂರಲ್ಲಿ ಹೋಟ್ಲಲ್ಲಿ ತಿಂದ್ಯಾ?"

"ತಿಂದೆ ಅಜ್ಜಿ," ಅಂದಳು ಮಗಳು.

"ರೈಲಲ್ಲಿ?"

"ತಿಂದೆ."

"ಇಲ್ಲಿಗೆ ಬಂದ ಮೇಲೆ ಆ ಮೂಲೆ ಅಂಗಡಿ ಕಚೋಡಿ?"

ಮಗಳು ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಸೆರಗಿನಲ್ಲಿ ಮುಚ್ಚಿ ತಂದುಕೊಡುತ್ತಿದ್ದವಳು ನಾನೇ.

"ಕಚೋಡಿಗೂ ಇದಕ್ಕೂ ಸಂಬಂಧ ಇಲ್ಲವಂತೆ ಅಜ್ಜಿ, ಡಾಕ್ಟರು ಹೇಳಿದ್ರು," ಅಂದೆ.

"ಡಾಕ್ಟರು ಹಾಗೆ ಹೇಳದೆ ಇನ್ನೇನು ಹೇಳ್ತಾಳೆ? ಅವಳೂ ಅಲ್ಲೇ ತಿಂತಾಳೆ."

ಅಲ್ಲಿಗೆ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಾರನೇ ದಿನದಿಂದ ಮಗಳ ತಟ್ಟೆ ಬೇರೆ, ಲೋಟ ಬೇರೆ. ಅವಳು ಕೂತೆದ್ದ ಮಣೆಯ ಮೇಲೆ ಅಜ್ಜಿ ಒಂದು ಉದ್ಧರಣೆ ಗಂಗೆ ಚಿಮುಕಿಸುವುದು. "ನೀನು ಆ ಕಡೆ ಕೂತ್ಕೋ ಮಗು, ಸೊಂಟಕ್ಕೆ ಗಾಳಿ ಚೆನ್ನಾಗಿ ಬರುತ್ತೆ," ಅನ್ನುವುದು. ಮೂರನೇ ದಿನ ಮಗಳು ಅಡಿಗೆಮನೆಗೆ ಬಂದು ಹಿಂದಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಅತ್ತಳು. "ಅಮ್ಮಾ, ಸಚ್ ಬತಾವ್. ನಿಜ ಹೇಳು. ನಾನೇನು ಕೊಳಕಾ? ನನ್ನಿಂದ ಮಗುವಿಗೆ ಏನಾದ್ರೂ ಆಗುತ್ತಾ?"

ನಾನು ಆ ಸಾಯಂಕಾಲ ಅಜ್ಜಿಯ ಹತ್ತಿರ ಹೋಗಿ ಪಿಸುಗುಟ್ಟಿದೆ. "ಅಜ್ಜಿ, ಈ ಸ್ಟ್ರೆಪ್ಪು ಯಾವ ಹೆಂಗಸಿನಲ್ಲಿ ಬೇಕಾದ್ರೂ ಇರಬಹುದಂತೆ. ಡಾಕ್ಟರಮ್ಮ ಗುರುವಾರ ಮನೆಗೇ ಬರ್ತಾರೆ. ಎಲ್ಲರಿಗೂ ಪರೀಕ್ಷೆ. ಹಿರಿಯರಿಂದ ಶುರುವಂತೆ."

"ಮಾಡ್ಲಿ. ನನಗೇನು ಹೆದರಿಕೆ? ನಾಲಿಗೆ ತೋರಿಸಿದ್ರಾಯ್ತು."

"ನಾಲಿಗೆ ಅಲ್ಲ ಅಜ್ಜಿ." ಎಲ್ಲಿ ಅಂತ ಹೇಳಿದೆ. ಕಡ್ಡಿ ಎಷ್ಟುದ್ದ ಅಂತ ಕೇಳಿದರು. ನಿಜವಾಗಿ ಅದು ಬೆರಳಿಗಿಂತ ಸ್ವಲ್ಪ ಉದ್ದ. ಆದರೆ ನನ್ನ ಕೈಯಲ್ಲಿ ಹುಳಿ ತಿರುಗಿಸುವ ಸೌಟಿತ್ತು. ಅದನ್ನೇ ತೋರಿಸಿದೆ.

ಗುರುವಾರ ಬೆಳಗ್ಗೆ ಅಜ್ಜಿ ಇಲ್ಲ. ಕೋಣೆಗೆ ಬೀಗ. ಮಧ್ಯಾಹ್ನ ಸುದ್ದಿ ಬಂತು: ರಾಮನಗರದಲ್ಲಿ ತಮ್ಮ ಗುರುತಿನ ಕನ್ನಡದವರ ಮನೆಗೆ ಹೋಗಿದ್ದಾರೆ, ಸೇತುವೆ ದಾಟಿ. ನಮ್ಮ ಯಜಮಾನರು ಕೇಳಿ ಕೂತುಬಿಟ್ಟರು. ಯಾಕೆಂದರೆ ಈ ಅಜ್ಜಿ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಹೊಳೆ ದಾಟಿದವರಲ್ಲ. ಆಚೆ ದಡದಲ್ಲಿ ಸತ್ತರೆ ಮೋಕ್ಷ ಹಾಗಿರಲಿ, ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ಟುತ್ತಾರೆ ಅನ್ನೋದು ಇಲ್ಲಿಯ ನಂಬಿಕೆ. ರಾಮನಗರದ ಕೋಟೆ ನೋಡಿಕೊಂಡು ಬರೋಣ ಅಂದರೂ ಬರುತ್ತಿರಲಿಲ್ಲ.

ಎರಡು ದಿನ ಬಿಟ್ಟು ಬಂದರು. ಮಗಳ ತಟ್ಟೆಯನ್ನು ತಾವೇ ಎತ್ತಿ ಎಲ್ಲರ ತಟ್ಟೆಯ ಜೊತೆ ಇಟ್ಟು, "ಯಾರ ಮೈಯಲ್ಲಿ ಹುಳ ಇಲ್ಲ ಬಿಡು ಮಗು," ಅಂದರು. ನಾನು ಮೆಲ್ಲಗೆ ಕೇಳಿದೆ. "ಅಲ್ಲಾ ಅಜ್ಜಿ, ಆಚೆ ದಡದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿ ಕತ್ತೆ ಜನ್ಮ ಬಂದಿದ್ರೆ?"

"ಬರ್ಲಿ," ಅಂದರು ಅಜ್ಜಿ. "ಕತ್ತೆಗೆ ಯಾರೂ ಆ ಕಡ್ಡಿ ಹಾಕಲ್ಲ."

೩. ನನ್ನ ಹೆರಿಗೆ

ನಮ್ಮ ಗಲ್ಲಿಗೆ ಆಟೋ ಬರುವುದಿಲ್ಲ. ಎದುರಿಗೆ ಒಂದು ಎಮ್ಮೆ ಬಂದರೆ ನಾವು ಯಾರದಾದರೂ ಮನೆಯೊಳಗೆ ಹೋಗಿ ದಾರಿ ಬಿಡಬೇಕು. ನೀರು ಒಡೆದ ಮೇಲೆ ಮಗಳನ್ನು ರಸ್ತೆಗೆ ನಡೆಸಿ, ಆಟೋ ಹಿಡಿದು, ಕಂಟೋನ್ಮೆಂಟ್ ಮುಟ್ಟಲು ಎಷ್ಟು ಹೊತ್ತು? ಯಜಮಾನರು ಅರ್ಧ ಗಂಟೆ ಅಂದರು. ಅವರು ಎಲ್ಲದಕ್ಕೂ ಅರ್ಧ ಗಂಟೆಯೇ ಅನ್ನುವುದು. ಒಂದು ತಾಲೀಮು ಮಾಡಿಯೇ ಬಿಡೋಣ ಅಂತ ನಾನು ಹೊರಟೆ.

ಬರಿ ಹೊಟ್ಟೆಯಲ್ಲಿ ಹೋದರೆ ಯಾರು ದಾರಿ ಬಿಡುತ್ತಾರೆ? ಸೀರೆಯೊಳಗೆ ದಿಂಬು ಕಟ್ಟಿಕೊಂಡೆ. ಮಗಳು ಚಾಪೆಯ ಮೇಲೆ ಬಿದ್ದು ನಕ್ಕಳು. "ಬೇಡ ಅಮ್ಮಾ, ಇಜ್ಜತ್ ಹೋಗುತ್ತೆ!" ಹದಿನೈದು ದಿನದ ಮೇಲೆ ಅವಳು ಹಾಗೆ ನಕ್ಕದ್ದು. ಅಷ್ಟಕ್ಕೇ ದಿಂಬು ಸಾರ್ಥಕ.

ಗಲ್ಲಿಯಲ್ಲಿ ಮೂರು ಎಮ್ಮೆ ಅಡ್ಡ ಬಂದವು. ಯಜಮಾನರು ಹೇಳುವಾಗ ಒಂದೇ ಎಮ್ಮೆ. ಅವರು ಅಲ್ಲಿರಲಿಲ್ಲ, ಅವರ ಮಾತು ನಂಬಬೇಡಿ. ರಸ್ತೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆಟೋದವನು ನನ್ನ ನರೆತ ಕೂದಲು ನೋಡಿದ, ಹೊಟ್ಟೆ ನೋಡಿದ.

"ಅರೇ ಮಾಯೀ, ಈ ವಯಸ್ಸಿನಲ್ಲಿ!"

"ಭೋಲೇನಾಥನ ಇಚ್ಛೆ ಭೈಯಾ. ಬೇಗ ನಡಿ."

ಆ ಪುಣ್ಯಾತ್ಮ ನಿಜವೆಂದೇ ನಂಬಿದ. ಹಾರ್ನಿನ ಮೇಲೆ ಕೂತವನ ಹಾಗೆ ಓಡಿಸಿದ. ಅಡ್ಡ ಬಂದವರಿಗೆಲ್ಲ, "ಹಟೋ, ಹಟೋ! ಪವಾಡ ಆಗ್ತಿದೆ, ದಾರಿ ಬಿಡಿ!" ಅಂತ ಕೂಗು. ಒಂದು ಮದುವೆ ಮೆರವಣಿಗೆ ಎರಡು ಭಾಗವಾಗಿ ನಮಗೆ ದಾರಿ ಬಿಟ್ಟಿತು. ಇಪ್ಪತ್ತೆರಡು ನಿಮಿಷದಲ್ಲಿ ನರ್ಸಿಂಗ್ ಹೋಮ್.

ಇಳಿದು ವಾಪಸು ಬರುವುದು ನನ್ನ ಲೆಕ್ಕ. ಆಟೋದವನು ಬಿಡಲಿಲ್ಲ. ಒಳಗೆ ಓಡಿ ಕೂಗಿದ. ಇಬ್ಬರು ಆಯಾಗಳು ಬಂದು ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿಯೇ ಬಿಟ್ಟರು. ಆಗ ಹೇಳಿಬಿಡಬಹುದಿತ್ತು. ಆದರೆ ನನಗೊಂದು ಕುತೂಹಲ. ಡಾಕ್ಟರಮ್ಮ ಇಲ್ಲದ ಹೊತ್ತಿನಲ್ಲಿ ಬಂದರೆ ಇವರಿಗೆ ಸ್ಟ್ರೆಪ್ಪು ಅಂದರೆ ಗೊತ್ತಾಗುತ್ತದೋ ಇಲ್ಲವೋ? ಅದನ್ನು ತಿಳಿಯದೆ ಮಗಳನ್ನು ಹೇಗೆ ಕರೆತರಲಿ? ನರಳುತ್ತಾ, "ಗ್ರೂಪ್ ಬಿ ಸ್ಟ್ರೆಪ್ಪು ಇದೆ ಸಿಸ್ಟರ್," ಅಂದೆ.

ದೊಡ್ಡ ನರ್ಸಮ್ಮ ಚಿಮ್ಮಿದಳು ನೋಡಿ! "ಮೊದಲು ಯಾಕೆ ಹೇಳಲಿಲ್ಲ? ಏ, ಔಷಧ ತಾ. ಹೊತ್ತು ಕಳೆಯೋ ಹಾಗಿಲ್ಲ." ನನ್ನ ತೋಳು ಒರೆಸಿದಳು. ನನಗೆ ಸಂತೋಷದಿಂದ ಕಣ್ಣು ತುಂಬಿತು. ಎಷ್ಟು ಚೆನ್ನಾಗಿ ಗೊತ್ತಿದೆ ಇವಳಿಗೆ! ಅಷ್ಟರಲ್ಲಿ ಕೈಯಲ್ಲಿ ಸಣ್ಣ ಸೂಜಿ ಕಂಡಿತು.

"ಇದೇನು ಸಿಸ್ಟರ್?"

"ಈ ಔಷಧ ಎಲ್ಲರಿಗೂ ಒಗ್ಗಲ್ಲ. ಮೊದಲು ಚರ್ಮಕ್ಕೆ ಒಂದು ಹನಿ ಚುಚ್ಚಿ ನೋಡ್ತೀವಿ."

ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಸೀರೆಯೊಳಗೆ ಕೈ ಹಾಕಿ ಎಳೆದು ಹೊರಗೆ ಹಾಕಿದೆ. ನರ್ಸಮ್ಮ ಕಿಟಾರನೆ ಕಿರುಚಿದಳು. ಗದ್ದಲ ಕೇಳಿ ಡಾಕ್ಟರಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಲೇ ಓಡಿ ಬಂದರು. "ಆಯ್ತಾ? ಇಷ್ಟು ಬೇಗ? ಗಂಡೋ ಹೆಣ್ಣೋ?"

ನರ್ಸಮ್ಮ ಗೋಡೆಗೆ ಒರಗಿಕೊಂಡು ಹೇಳಿದಳು. "ದಿಂಬು, ಮೇಡಂ."

೪. ತ್ರಿಕಾಲ ಪೂಜೆ

ಡಾಕ್ಟರಮ್ಮ ಕೊಟ್ಟಿದ್ದ ಚೀಟಿಯ ವಿಷಯ ಹೇಳಬೇಕು. 'ಇವಳಿಗೆ ಸ್ಟ್ರೆಪ್ ಇದೆ, ಬಂದ ತಕ್ಷಣ ಔಷಧ ಶುರು ಮಾಡಿ' ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಂಥ ಮುಖ್ಯ ಕಾಗದ ಕಳೆಯಬಾರದೆಂದು ಯಜಮಾನರು ಅದನ್ನು ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿಟ್ಟರು. ದೇವರ ಗೂಡಿನಲ್ಲಿ, ಗಂಗೆಯ ತಂಬಿಗೆಯ ಪಕ್ಕ.

ಒಂದು ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಮಗಳು ಹುರುಳಿಕಾಯಿ ಸೋಸುತ್ತಾ ಕೂತವಳು, "ಅಮ್ಮಾ, ನೀರು," ಅಂದಳು. ಲೋಟದಲ್ಲಿ ತಂದುಕೊಟ್ಟೆ. "ಅದಲ್ಲಮ್ಮಾ!" ಅಂದಳು. ನೆಲ ನೋಡಿದೆ. ಲೋಟ ಕೈಬಿಟ್ಟು ದೇವರ ಗೂಡಿಗೆ ಓಡಿದೆ.

"ಮುಟ್ಟೀಯ, ಜೋಕೆ!" ಹಿಂದಿನಿಂದ ಅಜ್ಜಿಯ ಕೂಗು.

ನಾನು ತರಕಾರಿ ಸಂತೆಯಿಂದ ಬಂದಿದ್ದೆ, ಮಡಿಯಲ್ಲಿರಲಿಲ್ಲ. ಯಜಮಾನರು ಘಾಟಿನಲ್ಲಿ ಯಾತ್ರಿಕರ ಜೊತೆ. ನಮ್ಮ ಗೂಡಿಗೆ ಬೀಗವಿಲ್ಲ, ಬೀಗಕ್ಕಿಂತ ಗಟ್ಟಿಯಾದ ಮಡಿ ಇದೆ. ಒದ್ದೆ ಸೀರೆಯಲ್ಲಿ ಮಡಿಯಾಗಿದ್ದವರು ಅಜ್ಜಿ ಒಬ್ಬರೇ. ಅವರು ನಿಧಾನವಾಗಿ ಬಂದು, ಕೈ ಮುಗಿದು, ಚೀಟಿ ತೆಗೆದು, ನನ್ನನ್ನು ಮುಟ್ಟದ ಹಾಗೆ ಎರಡಡಿ ಮೇಲಿನಿಂದ ಅಂಗೈಗೆ ಬಿಟ್ಟರು. ಚೀಟಿಯ ಜೊತೆ ಎರಡು ತುಳಸಿ ದಳ, ಒಂದು ದಾಸವಾಳವೂ ಬಿದ್ದವು. ನೋಡುವ ಪುರುಸೊತ್ತಿಲ್ಲ. ಮಗಳನ್ನು ಹಿಡಿದುಕೊಂಡು ಹೊರಟೆ. ಆವತ್ತು ಒಂದೂ ಎಮ್ಮೆ ಬರಲಿಲ್ಲ. ಇದು ಒಗ್ಗರಣೆ ಇಲ್ಲದ ನಿಜ.

ನರ್ಸಮ್ಮ ನನ್ನ ಮುಖ ನೋಡಿದವಳೇ ಮೊದಲು ಮಗಳ ಹೊಟ್ಟೆ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಸಮಾಧಾನವಾಗಿ ಒಳಗೆ ಬಿಟ್ಟಳು. ನಾನು ಚೀಟಿ ಕೈಗಿತ್ತೆ. ಅವಳು ಎರಡು ಕೈ ಚಾಚಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮೇಜಿನ ಹಿಂದಿದ್ದ ದೇವರ ಪಟದ ಸಂದಿಗೆ ಸಿಕ್ಕಿಸಿ, ಪ್ರಸಾದ ತಂದದ್ದಕ್ಕೆ ನನಗೆ ಕೈ ಮುಗಿದಳು.

"ಅಯ್ಯೋ ಅದು ಪ್ರಸಾದ ಅಲ್ಲಮ್ಮಾ, ಸ್ಟ್ರೆಪ್ಪು!"

ತೆಗೆದು ಬಿಡಿಸಿದಳು. ಒಂದಕ್ಷರವಿಲ್ಲ. ಗಂಧ, ಅರಿಸಿನ, ಕುಂಕುಮ, ಮೇಲೆ ಪಂಚಾಮೃತದ ಅಂಟು, ಅದರಲ್ಲಿ ಅಕ್ಷತೆ. ಬಾಯಲ್ಲಿ ಹೇಳಿದೆ. ದಿಂಬಿನ ದಿನದ ಪುಣ್ಯ, ಅವಳಿಗೆ ಎಲ್ಲ ನ್ಯಾಪಕವಿತ್ತು. ಡಾಕ್ಟರಮ್ಮನೂ ಬಂದರು. ಚರ್ಮಕ್ಕೆ ಹನಿ ಚುಚ್ಚಿ ಕಾದು, ಒಗ್ಗುತ್ತದೆ ಅಂತಾದ ಮೇಲೆ, ಸರಿಯಾಗಿ ಹನ್ನೊಂದು ಗಂಟೆಗೆ ಮೊದಲನೇ ಔಷಧ ಮಗಳ ಕೈಗೆ ಇಳಿಯಿತು.

ಆಮೇಲೆ ಯಜಮಾನರನ್ನು ಕೇಳಿದೆ. "ಏನ್ರೀ ಇದು? ಚೀಟಿಗೆ ಯಾಕ್ರೀ ಕುಂಕುಮ ಹಾಕಿದ್ರಿ?"

"ಗೂಡಿನಲ್ಲಿ ಇದ್ದವರಿಗೆಲ್ಲ ಪೂಜೆ ಮಾಡೋದು ನನ್ನ ಅಭ್ಯಾಸ. ಒಬ್ಬೊಬ್ಬರನ್ನೇ ನೀವ್ಯಾರು ಅಂತ ಕೇಳ್ಕೊಂಡು ಕೂರಕ್ಕಾಗುತ್ತಾ?"

ಮೂರು ವಾರ ತ್ರಿಕಾಲ ಪೂಜೆ, ಎರಡು ಹೊತ್ತು ನೈವೇದ್ಯ. ಆ ಸ್ಟ್ರೆಪ್ಪಿಗೆ ನಮ್ಮನ್ನು ಬಿಟ್ಟು ಹೋಗುವ ಮನಸ್ಸಾದರೂ ಹೇಗೆ ಬಂದೀತು?

೫. ಪುಷ್ಯವೋ ಆಶ್ಲೇಷವೋ

ಯಜಮಾನರು ಘಾಟಿನಿಂದ ಒದ್ದೆ ಪಂಚೆಯಲ್ಲೇ ಬಂದರು, ಕಂಕುಳಲ್ಲಿ ಪಂಚಾಂಗ. ಹಿಂದೆಯೇ ಅಜ್ಜಿ, ರಿಕ್ಷಾದಲ್ಲಿ.

ಯಜಮಾನರ ಕಸುಬಿನ ಗುಟ್ಟೊಂದು ಇಲ್ಲಿ ಹೇಳಬೇಕು. ಯಾತ್ರಿಕರು ಬಂದಕೂಡಲೇ ಅವರು ಮೊದಲು ಕೇಳುವುದು, "ನಿಮ್ಮ ರೈಲು ಎಷ್ಟಕ್ಕೆ?" ಅದರ ಮೇಲೆ ಶ್ರಾದ್ಧದ ಉದ್ದ ನಿರ್ಧಾರ. ನಾಳೆ ರೈಲಾದರೆ ಮೂರು ಗಂಟೆಯ ಶ್ರಾದ್ಧ, ಇವತ್ತಾದರೆ ಮುಕ್ಕಾಲು ಗಂಟೆಯದು. ಯಾವುದನ್ನೂ ಬಿಡುವುದಿಲ್ಲ, ಮಂತ್ರ ಓಡುತ್ತದೆ ಅಷ್ಟೆ. ಮೂವತ್ತು ವರ್ಷದಲ್ಲಿ ಒಬ್ಬರಿಗೂ ರೈಲು ತಪ್ಪಿಸಿಲ್ಲ.

ಈಗ ಅವರು ಡಾಕ್ಟರಮ್ಮನ ಮುಂದೆ ಪಂಚಾಂಗ ಬಿಚ್ಚಿದರು. "ಡಾಕ್ಟರ್ ಸಾಹೇಬರೇ, ಎರಡೂವರೆವರೆಗೆ ಪುಷ್ಯ ನಕ್ಷತ್ರ. ಬಹಳ ಒಳ್ಳೇದು. ಆಮೇಲೆ ಆಶ್ಲೇಷ. ಅದರಲ್ಲಿ ಹೆಣ್ಣು ಹುಟ್ಟಿದರೆ ಮುಂದೆ ಅತ್ತೆಗೆ ಕಂಟಕ ಅಂತಾರೆ. ಎರಡೂವರೆ ಒಳಗೆ ಮುಗಿಸಿಕೊಡಿ."

"ಔಷಧ ಹೋಗಿದ್ದು ಹನ್ನೊಂದಕ್ಕೆ ಪಂಡಿತ್‌ಜೀ. ನನಗೆ ಮೂರು ಗಂಟೆ ದಾಟಬೇಕು."

"ನಾಲ್ಕು ಗಂಟೆಯ ಔಷಧವನ್ನ ಸಂಕ್ಷಿಪ್ತವಾಗಿ ಮಾಡೋಕೆ ಬರಲ್ವಾ? ಸ್ವಲ್ಪ ಜೋರಾಗಿ ಬಿಟ್ಟರೆ?"

"ಬರಲ್ಲ. ರಕ್ತಕ್ಕೆ ಸೇರಿ ಮಗುವಿನ ತನಕ ಹೋಗಬೇಕು. ಹಾಗಂತ ಮಗು ಮೊದಲೇ ಬಂದರೆ ನಾವು ತಡೆಯಲ್ಲ. ಆಗ ಅದನ್ನ ಇನ್ನೂ ಹೆಚ್ಚು ಹುಷಾರಾಗಿ, ಹೆಚ್ಚು ದಿನ ಕಾಯಬೇಕಾಗುತ್ತೆ. ಅದು ಬೇಡ ಅಂತ ನನ್ನಾಸೆ."

ಯಜಮಾನರು ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಒಳಗೆ ಮಗಳ ಕೈ ಹಿಡಿದು ನಿಂತೆ. ಒಂದೂವರೆ ಹೊತ್ತಿಗೆ ನೋವು ಕುದುರೆಯ ಹಾಗೆ ಓಡತೊಡಗಿತು. "ಅಮ್ಮಾ, ಎಷ್ಟಾಯ್ತು ಟೈಮು? ಮೂರಾಯ್ತಾ?" ಅಂತ ಮಗಳು ಹಲ್ಲು ಕಚ್ಚಿ ಕೇಳುವಳು. ಎರಡಕ್ಕೆ ನರ್ಸಮ್ಮ ನೋಡಿ, "ಹೀಗೇ ಹೋದರೆ ಎರಡೂಕಾಲಿಗೆ ಆಗಿಬಿಡುತ್ತೆ," ಅಂದಳು.

ಹೊರಗೆ ಹೋಗಿ ಯಜಮಾನರಿಗೆ ಹೇಳಿದೆ. ಪುಷ್ಯ ಸಿಕ್ಕಿತಲ್ಲ ಅಂತ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಪಂಚಾಂಗ ಮುಚ್ಚಿ ಚೀಲಕ್ಕೆ ಹಾಕಿದರು.

"ಬೇಡ. ಇನ್ನೊಂದು ಗಂಟೆ ತಡೀಲಿ."

"ರೀ, ಆಶ್ಲೇಷ ಬಂದುಬಿಡುತ್ತೆ."

"ಬರಲಿ. ಆಶ್ಲೇಷಕ್ಕೆ ನನ್ನ ಹತ್ರ ಶಾಂತಿ ಇದೆ. ಆ ಸ್ಟ್ರೆಪ್ಪಿಗೆ ನನ್ನ ಹತ್ರ ಮಂತ್ರ ಇಲ್ಲ."

ನನಗೆ ತಮಾಷೆ ಮಾಡಲು ಏನೂ ತೋಚಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು. ಇವರು ಬಂದಾಗಿನಿಂದ ಬೇಗ ಆಗಲಿ, ಬೇಗ ಆಗಲಿ ಅಂತ ಜಪ ಮಾಡಿದ್ದರು. ಈಗ ಅದನ್ನು ನಿಧಾನ ಮಾಡುವುದು ಹೇಗೆ ಅಂತ ಗೊತ್ತಿಲ್ಲ. ಬದುಕಿನಲ್ಲಿ ಯಾವ ಕರ್ಮವನ್ನೂ ಉದ್ದ ಮಾಡಿದವರಲ್ಲ ಪಾಪ. ಆಗ ಅಜ್ಜಿ ಜಪಸರ ಕೈಗೆ ತೆಗೆದುಕೊಂಡರು.

"ನೀನು ಏಳಪ್ಪಾ. ಮೇಲಿನವನಿಗೆ ಸ್ವಲ್ಪ ತಾಳು, ಸ್ವಲ್ಪ ತಾಳು ಅಂತ ಹೇಳೋದನ್ನ ನನಗೆ ಬಿಡು. ಹದಿನಾಲ್ಕು ವರ್ಷದ ಅಭ್ಯಾಸ."

ಜಪದಿಂದಲೋ, ಚೊಚ್ಚಲ ಹೆರಿಗೆಯ ಹಟದಿಂದಲೋ, ಎರಡೂಕಾಲು ಕಳೆಯಿತು, ಎರಡೂವರೆ ಕಳೆಯಿತು, ಪುಷ್ಯವೂ ಕಳೆಯಿತು. ಮೂರು ಹೊಡೆದದ್ದೇ ಡಾಕ್ಟರಮ್ಮ ತಮ್ಮ ಕೈಗಡಿಯಾರ ನೋಡಿ ಎರಡನೇ ಔಷಧ ಹಾಕಿಸಿದರು. "ಈಗ ಯಾವಾಗ ಬೇಕಾದ್ರೂ ಬಾ ಪುಟ್ಟಾ," ಅಂದರು. ಅದಾದ ಸ್ವಲ್ಪ ಹೊತ್ತಿಗೆ ಕೋಣೆ ತುಂಬ ಅಳು. ಹೆಣ್ಣು ಮಗು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ಊರಿಗೆಲ್ಲ ಬೈಯುತ್ತಾ ಬಂತು. ಮಗಳು ಅದನ್ನು ಎದೆಯ ಮೇಲೆ ಹಾಕಿಕೊಂಡು, "ಸರಿಯಾಗಿ ಉಸಿರಾಡ್ತಿದೆಯಾ ಮೇಡಂ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ಮಗುವೇ ಉತ್ತರ ಕೊಟ್ಟಿತು, ಕಿವಿ ತೂತಾಗುವ ಹಾಗೆ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಜ್ವರವಿಲ್ಲ, ಏನಿಲ್ಲ. ಹಾಲು ಕುಡಿಯಿತು, ಮಲಗಿತು, ಮನೆಗೆ ಬಂತು.

ಆದರೆ ಹುಟ್ಟಿದ ಆ ಗಳಿಗೆಯಲ್ಲಿ ಹೊರಗೆ ಇನ್ನೊಂದು ನಡೆಯಿತು. ನರ್ಸಮ್ಮ ದಾಖಲೆ ಪುಸ್ತಕ ಹಿಡಿದು ಯಜಮಾನರ ಹತ್ತಿರ ಹೋಗಿ, ಪೆನ್ನು ತೆರೆದು, ವಿನಯವಾಗಿ ಕೇಳಿದಳು.

"ಪಂಡಿತ್‌ಜೀ, ಟೈಮ್ ಎಷ್ಟು ಬರೀಲಿ?"

ಯಜಮಾನರಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಈ ಊರಿನಲ್ಲಿ ಪಂಡಿತರ ಮನೆ ಹೆರಿಗೆಯೆಂದರೆ ನಕ್ಷತ್ರ ನೋಡಿ ಅವರೇ ಒಂದು ಹೊತ್ತು ಹೇಳುತ್ತಾರಂತೆ, ಇವಳು ಬರೆಯುತ್ತಾಳಂತೆ. "ನಿಮ್ಮದು ಎರಡೂವರೆ ಒಳಗೆ ಅಂದ್ರಲ್ಲ. ಎರಡೂ ಇಪ್ಪತ್ತು ಅಂತ ಹಾಕಲಾ?"

"ಅಯ್ಯೋ ಬೇಡಮ್ಮಾ! ಹಾಗೆ ಬರೆದ್ರೆ ಔಷಧದ ನಾಲ್ಕು ಗಂಟೆ ಆಗಿಲ್ಲ ಅಂತಾಗುತ್ತೆ. ನಿಜವಾದ ಟೈಮ್ ಬರಿ."

ನರ್ಸಮ್ಮ ಬೆಪ್ಪಾದಳು. "ನಿಜವಾದದ್ದಾ? ಅದನ್ನ ಯಾರೂ ಇದುವರೆಗೆ ಕೇಳಿರಲಿಲ್ಲ ಪಂಡಿತ್‌ಜೀ. ನೀವೇ ಹೇಳ್ತೀರಿ ಅಂತ ನಾನು ನೋಡೇ ಇಲ್ಲ!"

ಡಾಕ್ಟರಮ್ಮನನ್ನು ಕೇಳಿದರು. "ಎರಡನೇ ಔಷಧ ಮೂರಕ್ಕೆ. ಮಗು ಅದಾದ ಮೇಲೆ. ನನಗೆ ಅಷ್ಟು ಸಾಕು. ನಿಮಿಷ ನೋಡೋಕೆ ನನಗೆಲ್ಲಿತ್ತು ಕೈ?" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯವರಲ್ಲಿ ಒಳಗಿದ್ದವಳು ನಾನೊಬ್ಬಳೇ. ಯಜಮಾನರು ಬಂದು ನನ್ನ ಮುಂದೆ ನಿಂತರು. ಕಣ್ಣಲ್ಲಿ ನೀರು. "ಇವಳೇ, ಮಗುವಿನ ಜಾತಕದ ಪ್ರಶ್ನೆ. ಜೀವಮಾನದಲ್ಲಿ ಒಂದ್ಸಲ ಒಗ್ಗರಣೆ ಇಲ್ಲದೆ ಹೇಳು."

"ಮೂರು ಗಂಟೆ ಹದಿನೇಳು ನಿಮಿಷ," ಅಂದೆ, ಕಣ್ಣು ಮಿಟುಕಿಸದೆ. "ಇಪ್ಪತ್ತು ಸೆಕೆಂಡು."

ಸೆಕೆಂಡು ಕೇಳಿ ಅವರಿಗೆ ರೋಮಾಂಚನವಾಯಿತು. ಅಲ್ಲೇ ಬರೆದುಕೊಂಡರು. ನರ್ಸಮ್ಮನೂ ಬರೆದಳು. ಆಶ್ಲೇಷದ ಶಾಂತಿಯನ್ನು ಸಂಕ್ಷಿಪ್ತ ಮಾಡದೆ ಮೂರು ಗಂಟೆ ಮಾಡಿದರು. ಸೆಕೆಂಡಿನ ಮಟ್ಟಿಗೆ ಕರಾರುವಾಕ್ಕಾದ ಜಾತಕವೆಂದು ಅದನ್ನು ಬಂದ ಯಾತ್ರಿಕರಿಗೆಲ್ಲ ತೋರಿಸುತ್ತಾರೆ. ನೋಡಿದ ಜ್ಯೋತಿಷಿಗಳೆಲ್ಲ ಒಂದೇ ಮಾತು ಹೇಳುತ್ತಾರೆ: ಈ ಹುಡುಗಿಗೆ ಪ್ರಯಾಣ ಯೋಗ ವಿಪರೀತ.

ಇರದೆ ಏನಾಗುತ್ತೆ? ನನ್ನ ಕಣ್ಣು ಆ ಹೊತ್ತಿನಲ್ಲಿ ಔಷಧದ ಬಾಟಲಿ ಬಿಟ್ಟು ಇನ್ನೊಂದನ್ನು ನೋಡಿರಲಿಲ್ಲ. ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ. ಮೂರು ಹದಿನೇಳು, ಕಂಟೋನ್ಮೆಂಟ್ ಸ್ಟೇಷನ್ನಿನಿಂದ ನಮ್ಮ ಯಾತ್ರಿಕರ ರೈಲು ಬಿಡುವ ಹೊತ್ತು.